ಗೈಡ್ ಮುಚ್ಚಿಡಿ, ರನ್ನನಿಗೆ ದನಿ ಕೊಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೇಷ್ಟ್ರು, ಮೇಡಂಗಳದ್ದೇ. ಹಳಗನ್ನಡ ಕಾವ್ಯವನ್ನೂ ಇತಿಹಾಸವನ್ನೂ ಮಕ್ಕಳಿಗೆ ಕಲಿಸುವುದು ಹೇಗೆ ಎಂಬ ಸಂಕಟ ಎಲ್ಲ ಊರಿನಲ್ಲೂ ಒಂದೇ ಥರ ಇದ್ದ ಹಾಗಿದೆ. ಐದು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಹತ್ತನೇ ತರಗತಿಗೆ ರನ್ನನ ‘ಛಲಮನೆ ಮೆರೆವೆಂ’ ಮಾಡುವಾಗ ಮಕ್ಕಳ ಮುಖ ನೋಡಿದರೆ ನನಗೇ ಬೇಜಾರಾಗುತ್ತದೆ. ಪದ್ಯ ಓದುತ್ತೇನೆ, ಪದಗಳ ಅರ್ಥ ಬರೆಸುತ್ತೇನೆ, ಸಾರಾಂಶ ಹೇಳುತ್ತೇನೆ. ಅವರು ಗೈಡ್‌ನಲ್ಲಿರುವ ಎಂಟು ವಾಕ್ಯ ಬಾಯಿಪಾಠ ಮಾಡುತ್ತಾರೆ, ಅಂಕವೂ ಬರುತ್ತದೆ. ಪದ್ಯ ಮಾತ್ರ ಯಾರಿಗೂ ಮುಟ್ಟಿರುವುದಿಲ್ಲ. ಏನು ಮಾಡಲಿ?
(ಹಾವೇರಿ ಜಿಲ್ಲೆಯ ಶಿಕ್ಷಕಿ)

ಉತ್ತರ: ನೀವು ಮಾಡುತ್ತಿರುವ ಕ್ರಮವನ್ನು ತಲೆಕೆಳಗು ಮಾಡಿ ನೋಡಿ ಮೇಡಂ. ಪದಗಳ ಅರ್ಥ ಕೊನೆಗೆ ಬರಲಿ, ಸಾರಾಂಶವನ್ನು ನೀವು ಹೇಳಲೇಬೇಡಿ. ಮೊದಲ ಪೀರಿಯಡ್‌ನಲ್ಲಿ ಪುಸ್ತಕ ತೆರೆಯುವುದೂ ಬೇಡ.

ಮೊದಲು ಸನ್ನಿವೇಶ ಹೇಳಿ. ಹದಿನೇಳು ದಿನದ ಯುದ್ಧ ಮುಗಿದಿದೆ. ತಮ್ಮಂದಿರೆಲ್ಲ ಸತ್ತಿದ್ದಾರೆ, ಪ್ರಾಣಸ್ನೇಹಿತ ಕರ್ಣ ಸತ್ತಿದ್ದಾನೆ. ಉಳಿದವನು ಒಬ್ಬನೇ ದುರ್ಯೋಧನ, ಬಾಣದ ಮಂಚದ ಮೇಲೆ ಮಲಗಿದ ಅಜ್ಜನ ಹತ್ತಿರ ಬಂದಿದ್ದಾನೆ. ಅಜ್ಜ ಹೇಳುತ್ತಾನೆ: ಈಗಲಾದರೂ ಪಾಂಡವರ ಜೊತೆ ರಾಜಿ ಮಾಡಿಕೊ. ಇಷ್ಟು ಹೇಳಿ ನಿಲ್ಲಿಸಿ. ನೀನಾಗಿದ್ದರೆ ಅಜ್ಜನಿಗೆ ಏನು ಹೇಳುತ್ತಿದ್ದೆ ಎಂದು ಕೇಳಿ. ಹಾವೇರಿಯ ಹುಡುಗರು ಹಾವೇರಿಯ ಮಾತಿನಲ್ಲೇ ಹೇಳಲಿ, ತಿದ್ದಬೇಡಿ. ಹೊಲದ ಬದುವಿನ ಜಗಳ ಕಂಡು ಬೆಳೆದ ಮಕ್ಕಳು ಈ ಪ್ರಶ್ನೆಗೆ ಸುಮ್ಮನೆ ಕೂರುವುದಿಲ್ಲ. ಒಬ್ಬಿಬ್ಬರು ‘ರಾಜಿ ಮಾಡ್ಕೋತೀನಿ’ ಅನ್ನುತ್ತಾರೆ, ಉಳಿದವರು ಅವರ ಮೇಲೆ ಬೀಳುತ್ತಾರೆ. ಕರಾವಳಿಯ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಮಾಡುವುದು ಇದನ್ನೇ: ಪ್ರಸಂಗದ ಪದ್ಯ ಒಂದು, ಪಾತ್ರದೊಳಗೆ ಕೂತು ಆಡುವ ಮಾತು ತಮ್ಮದೇ. ಆ ಪದ್ಧತಿ ತರಗತಿಗೆ ಬಹಳ ಚೆನ್ನಾಗಿ ಹೊಂದುತ್ತದೆ.

ಆಮೇಲೆ ರನ್ನ ಹೇಳಿದ್ದನ್ನು ಓದಿ:

ನಿಮಗೆ ಪೊಡಮಟ್ಟು ಪೋಪೀ
ಸಮಕಟ್ಟಿಂ ಬಂದೆನಹಿತರೊಳ್ ಸಂಧಿಯನೇಂ
ಸಮಕೊಳಿಸಲೆಂದು ಬಂದೆನೆ
ಸಮರದೊಳೆನಗಜ್ಜ ಪೇಳಿಮಾವುದು ಕಜ್ಜಂ

ಕೊನೆಯ ಸಾಲಿನಲ್ಲಿರುವ ‘ಅಜ್ಜ’ ಎಂಬ ಮಾತಿಗೆ ಮಕ್ಕಳು ತಲೆ ಎತ್ತುತ್ತಾರೆ. ನಿಮಗೆ ನಮಸ್ಕಾರ ಮಾಡಿ ಹೋಗೋಣ ಎಂದು ಬಂದೆ, ಶತ್ರುಗಳ ಜೊತೆ ಸಂಧಿ ಮಾಡಿಸಿ ಎಂದು ಕೇಳಲು ಬಂದೆನೇ, ಯುದ್ಧದಲ್ಲಿ ಇನ್ನು ನಾನು ಮಾಡಬೇಕಾದದ್ದು ಯಾವುದು ಹೇಳಿ ಅಜ್ಜ. ಇಷ್ಟು ಅರ್ಥವನ್ನು ನೀವು ಹೇಳುವ ಮೊದಲೇ ಅರ್ಧ ತರಗತಿ ಊಹಿಸಿರುತ್ತದೆ, ಏಕೆಂದರೆ ಆ ಪ್ರಶ್ನೆಗೆ ಅವರೇ ಈಗ ತಾನೇ ಉತ್ತರ ಕೊಟ್ಟಿದ್ದಾರೆ.

ಇನ್ನು ಓದುವ ರೀತಿ. ಹಳಗನ್ನಡ ಅರ್ಥವಾಗದಿರುವುದಕ್ಕೆ ಶಬ್ದಗಳು ಹಳೆಯವು ಎಂಬ ಕಾರಣವನ್ನೇ ಎಲ್ಲರೂ ಕೊಡುತ್ತಾರೆ. ನನ್ನ ಅನುಭವದಲ್ಲಿ ಅರ್ಧಕ್ಕಿಂತ ಹೆಚ್ಚು ತೊಡಕು ತಪ್ಪು ಜಾಗದಲ್ಲಿ ಉಸಿರು ನಿಲ್ಲಿಸುವುದರಿಂದ ಬರುತ್ತದೆ. ಇದೇ ಭಾಗದ ಇನ್ನೊಂದು ಕಂದಪದ್ಯ ನೋಡಿ:

ನೆಲಕಿರಿವೆನೆಂದು ಬಗೆದಿರೆ
ಛಲಕಿರಿವೆಂ ಪಾಂಡುಸುತರೊಳೀ ನೆಲನಿದು ಪಾ
ಳ್ನೆಲನೆನಗೆ ದಿನಪಸುತನಂ
ಕೊಲಿಸಿದ ನೆಲನೊಡನೆ ಮತ್ತೆ ಪುದುವಾಳ್ದಪೆನೇ

ಎರಡನೇ ಸಾಲು ‘ಪಾ’ ಎಂಬಲ್ಲಿ ಮುಗಿದು ಮೂರನೆಯದು ‘ಳ್ನೆಲ’ ಎಂದು ಶುರುವಾಗುತ್ತದೆ. ಮಗು ಸಾಲಿನ ಕೊನೆಗೆ ನಿಂತರೆ ಮುಗಿಯಿತು, ಪಾಳುನೆಲ ಎರಡು ತುಂಡಾಗಿ ಅರ್ಥವೂ ಹಾಳು. ಮಾತ್ರೆ ಲೆಕ್ಕಕ್ಕಾಗಿ ಕವಿ ಪದವನ್ನು ಮುರಿದಿದ್ದಾನೆ, ದನಿ ಮುರಿಯಬೇಕಿಲ್ಲ. ಬೋರ್ಡಿನ ಮೇಲೆ ಪದ್ಯವನ್ನು ಮಾತಿನ ಹಾಗೆ ಬಿಡಿಸಿ ಬರೆಸಿ: ನೆಲಕೆ ಇರಿವೆನ್ ಎಂದು ಬಗೆದಿರೆ? ಛಲಕೆ ಇರಿವೆಂ ಪಾಂಡುಸುತರೊಳ್. ಈ ನೆಲನ್ ಇದು ಪಾಳ್ ನೆಲನ್ ಎನಗೆ. ಬಿಡಿಸುವ ಕೆಲಸ ಮಕ್ಕಳದ್ದು, ನೀವು ಸೀಮೆಸುಣ್ಣ ಕೊಟ್ಟು ಪಕ್ಕಕ್ಕೆ ನಿಲ್ಲಿ. ಪದದ ಮೊದಲಲ್ಲಿರುವ ‘ಪ’ ಮುಂದೆ ‘ಹ’ ಆಯಿತು ಎಂಬ ಒಂದು ಕೀಲಿ ಕೊಟ್ಟರೆ ಪಾಳು, ಪೇಳು, ಪೋಗು ಎಲ್ಲ ತಾವೇ ತೆರೆದುಕೊಳ್ಳುತ್ತವೆ. ಆಗ ‘ದಿನಪಸುತ’ ಅಂದರೆ ಸೂರ್ಯನ ಮಗ ಕರ್ಣ, ‘ಪುದುವಾಳ್’ ಅಂದರೆ ಕೂಡಿ ಬಾಳುವುದು ಎಂದು ಎರಡು ಟಿಪ್ಪಣಿ ಕೊಟ್ಟರೆ ಸಾಕು.

ಈಗ ಕೇಳಿ: ನಾಲ್ಕು ಸಾಲಿನಲ್ಲಿ ‘ನೆಲ’ ಎಷ್ಟು ಸಲ ಬಂದಿದೆ? ನೆಲಕ್ಕಾಗಿ ಅಲ್ಲ ಅನ್ನುವವನು ನೆಲದ ಮಾತನ್ನೇ ನಾಲ್ಕು ಸಲ ಏಕೆ ಆಡುತ್ತಾನೆ? ಕರ್ಣನನ್ನು ಕೊಂದವನು ಅರ್ಜುನ, ಇವನು ನೆಲದ ಮೇಲೆ ಏಕೆ ಸಿಟ್ಟಾಗಿದ್ದಾನೆ? ಈ ಪ್ರಶ್ನೆಗಳಿಗೆ ಗೈಡ್‌ನಲ್ಲಿ ಉತ್ತರವಿಲ್ಲ. ಇರಬಾರದು ಕೂಡ.

ಪ್ರಸ್ತಾರಕ್ಕೂ ಇದೇ ದಾರಿ. ‘ನೆಲಕಿರಿ | ವೆನೆಂದು | ಬಗೆದಿರೆ’ ಎಂದು ನಾಲ್ಕು ನಾಲ್ಕು ಮಾತ್ರೆಗೆ ಚಪ್ಪಾಳೆ ತಟ್ಟಿಸಿ. ಚಪ್ಪಾಳೆ ಬಂದ ಮಗುವಿಗೆ ಲಘು-ಗುರು ಗುರುತು ಹಾಕುವುದು ಎರಡು ನಿಮಿಷದ ಕೆಲಸ, ಪರೀಕ್ಷೆಯ ಆ ಅಂಕವೂ ಕೈಗೆ ಬರುತ್ತದೆ.

ರನ್ನ ಯಾರು ಎಂಬುದನ್ನು ಕೊನೆಗಿಡಿ, ಆದರೆ ‘ಕವಿ ಪರಿಚಯ’ದ ನಾಲ್ಕು ಸಾಲಿಗೆ ನಿಲ್ಲಿಸಬೇಡಿ. ಮುಧೋಳದ ಬಳೆಗಾರ ಮನೆತನದ ಹುಡುಗ ಚಾಳುಕ್ಯರ ಆಸ್ಥಾನಕ್ಕೆ ಬಂದು ‘ಕವಿಚಕ್ರವರ್ತಿ’ ಆದ. ಸುಮಾರು 982ರಲ್ಲಿ ಬರೆದ ಈ ಕಾವ್ಯದಲ್ಲಿ ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿದ್ದಾನೆ, ಕಾವ್ಯಕ್ಕೆ ‘ಸಾಹಸಭೀಮ ವಿಜಯ’ ಎಂದೇ ಹೆಸರು. ಹಾಗಿದ್ದೂ ಸಾವಿರ ವರ್ಷದಿಂದ ಜನರ ಬಾಯಲ್ಲಿ ಉಳಿದಿರುವ ಮಾತುಗಳಲ್ಲಿ ಎಷ್ಟೋ ದುರ್ಯೋಧನನವು. ಅರಮನೆಯ ಕವಿ ಅರಸನ ಕಡೆಯ ನಾಯಕನನ್ನು ಗೆಲ್ಲಿಸಿ ಮನಸ್ಸನ್ನು ಸೋತವನಿಗೆ ಕೊಟ್ಟನೇ? ಹತ್ತನೇ ತರಗತಿಯ ಮಕ್ಕಳು ಇದನ್ನು ಚರ್ಚಿಸಬಲ್ಲರು, ನಾವು ಬಿಡುವುದಿಲ್ಲ ಅಷ್ಟೆ.

‘ಸಿಲಬಸ್ ಮುಗಿಯುವುದಿಲ್ಲ’ ಎಂದು ನೀವು ಬರೆದಿಲ್ಲ, ಆದರೂ ಆ ಮಾತು ಬರುತ್ತದೆಂದು ಗೊತ್ತು. ಪ್ರತಿ ಪಾಠದಲ್ಲಿ ಎರಡೇ ಪದ್ಯಕ್ಕೆ ಇಷ್ಟು ಸಮಯ ಕೊಡಿ. ಉಳಿದವನ್ನು ಬೇಗ ಓದಿ ದಾಟಿ. ಎರಡು ಪದ್ಯ ಸ್ವಂತವಾದ ಮಗು ಮೂರನೆಯದನ್ನು ತಾನೇ ಬಿಡಿಸಲು ನೋಡುತ್ತದೆ.

ಪ್ರಶ್ನೆ: ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಕದಂಬರು, ಗಂಗರು, ರಾಷ್ಟ್ರಕೂಟರು, ಚಾಳುಕ್ಯರು, ಹೊಯ್ಸಳರು ಎಂದು ಪಟ್ಟಿ ಓದಿಸುವುದರಲ್ಲೇ ವರ್ಷ ಹೋಗುತ್ತದೆ. ಯಾರು ಮೊದಲು, ಯಾರು ಯಾರನ್ನು ಸೋಲಿಸಿದರು, ಎಲ್ಲ ಕಲಸುಮೇಲೋಗರ. ಹಂಪಿ, ಬೇಲೂರಿಗೆ ಕರೆದುಕೊಂಡು ಹೋಗಲು ನಮ್ಮ ಶಾಲೆಯಲ್ಲಿ ಹಣವಿಲ್ಲ.
(ಮಂಡ್ಯ ಜಿಲ್ಲೆಯ ಶಿಕ್ಷಕರು)

ಉತ್ತರ: ನೀವು ಮಂಡ್ಯ ಜಿಲ್ಲೆಯಲ್ಲಿದ್ದುಕೊಂಡು ಹೀಗೆ ಕೇಳಬಾರದು ಮೇಷ್ಟ್ರೇ! ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲೊಂದು ಸಾಕು, ಹತ್ತನೇ ಶತಮಾನದ ಅರ್ಧ ಇತಿಹಾಸ ಅದರಲ್ಲಿದೆ. ಅದೂ ಒಂದು ನಾಯಿಯ ಕಥೆಯಾಗಿ.

ನಾಯಿಯಿಂದಲೇ ಶುರು ಮಾಡಿ. ಅದರ ಹೆಸರು ಕಾಳಿ. ದೊಡ್ಡ ಹಂದಿಯೊಂದರ ಮೇಲೆ ಅದನ್ನು ಛೂಬಿಟ್ಟರು, ಎರಡೂ ಕಾದಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದರು, ಭೂಮಿ ದತ್ತಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಗೊರವ, ಅಂದರೆ ಅಲ್ಲಿನ ಶೈವ ಪೂಜಾರಿ, ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ತಟ್ಟಲಿ ಎಂಬ ಅರ್ಥದ ಮಾತನ್ನೂ ಕೆತ್ತಿಸಿದರು. ನಾಯಿ-ಹಂದಿಯ ಕಾಳಗದ ಶಿಲ್ಪವೂ ಕಲ್ಲಿನ ಮೇಲಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇನ್ನು ಪ್ರಶ್ನೆಗಳನ್ನು ಮಕ್ಕಳೇ ಕೇಳುತ್ತಾರೆ. ನಾಯಿ ಯಾರದ್ದು? ಮಣಲೇರನದ್ದು. ಅವನಿಗೆ ಎಲ್ಲಿಂದ ಬಂತು? ಅವನ ಒಡೆಯ, ಗಂಗರ ಬೂತುಗ, ಯುದ್ಧದಲ್ಲಿ ಮೆಚ್ಚಿ ಏನು ಬೇಕು ಎಂದಾಗ ಮಣಲೇರ ಕೇಳಿ ಪಡೆದದ್ದು. ಯಾವ ಯುದ್ಧ? ತಕ್ಕೋಲದ್ದು. ಅಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಪರವಾಗಿ ಹೋರಾಡಿದ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಕಲ್ಲಿನ ಕಾಲ ಶಕ 872, ಅಂದರೆ 949-50. ಬೋರ್ಡಿನ ಮೇಲೆ ಕೆಳಗಿನಿಂದ ಬರೆಯಿರಿ: ಕಾಳಿ, ಅದರ ಮೇಲೆ ಮಣಲೇರ, ಅವನ ಮೇಲೆ ಬೂತುಗ, ಅವನ ಮೇಲೆ ಕೃಷ್ಣ. ‘ಸಾಮಂತ ಪದ್ಧತಿ’ ಎಂದು ಒಂದು ಪುಟ ನೋಟ್ಸ್ ಬರೆಸುವುದು ಉಳಿಯಿತು. ಗಂಗರು ರಾಷ್ಟ್ರಕೂಟರ ಕೈಕೆಳಗಿದ್ದರು, ಇಬ್ಬರೂ ಸೇರಿ ಚೋಳರ ವಿರುದ್ಧ ನಿಂತಿದ್ದರು ಎಂಬುದು ಮಗುವಿಗೆ ಇನ್ನು ಮರೆಯದು. ಚೋಳರ ಕಡೆಯವರು ಏನು ಹೇಳುತ್ತಾರೆ ಎಂದು ಜಾಣ ಹುಡುಗಿಯೊಬ್ಬಳು ಕೇಳಿಯೇ ಕೇಳುತ್ತಾಳೆ. ರಾಜಾದಿತ್ಯ ಆನೆಯ ಮೇಲಿದ್ದಾಗಲೇ ಮಡಿದನೆಂದು ಚೋಳರ ತಾಮ್ರಪಟವೂ ಒಪ್ಪುತ್ತದೆ, ಆದರೆ ಅದನ್ನು ವೀರಸ್ವರ್ಗಕ್ಕೆ ಹೋದ ವೈಭವವಾಗಿ ಹಾಡುತ್ತದೆ. ಸೋಲು ಗೆಲುವು ಎರಡೂ ಕಡೆಯವರು ಒಪ್ಪಿದ ಸಂಗತಿ ಎಂದರೆ ಇತಿಹಾಸಕಾರನಿಗೆ ಹಬ್ಬ.

ಆಮೇಲೆ ನಿಮ್ಮ ಊರಿನ ವೀರಗಲ್ಲಿಗೆ ಹೋಗಿ. ಕೆರೆ ಏರಿಯ ಮೇಲೆ, ಹಳೇ ಗುಡಿಯ ಹಿಂದೆ, ಬೇಲಿಯಲ್ಲಿ ಎಲ್ಲೋ ಒಂದು ಇದ್ದೇ ಇರುತ್ತದೆ, ಊರವರು ಅದಕ್ಕೆ ಬೇರೆ ಏನೋ ಹೆಸರಿಟ್ಟು ಪೂಜೆ ಮಾಡುತ್ತಿರಬಹುದು. ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಅಥವಾ ಜಿನನ ಮುಂದೆ ಕುಳಿತ ವೀರ. ಕೆಳಗಿನಿಂದ ಮೇಲಕ್ಕೆ ಓದಬೇಕು. ದನ ಕಾಣಿಸಿದರೆ ತುರುಗೋಳು, ಅಂದರೆ ದನ ಹೊಡೆದುಕೊಂಡು ಹೋದವರ ಜೊತೆಗಿನ ಹೋರಾಟ. ಮಕ್ಕಳು ಚಿತ್ರ ಬರೆಯಲಿ, ಅಳತೆ ತೆಗೆಯಲಿ, ಆಯುಧ ಒಡವೆ ಗುರುತಿಸಲಿ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆದರೆ ಸವೆದ ಅಕ್ಷರವೂ ಕಾಣುತ್ತದೆ. ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಸುರಿಯುವುದು, ಬಣ್ಣ ಹೊಡೆಯುವುದು ಮಾತ್ರ ಬೇಡವೇ ಬೇಡ. ನಮ್ಮ ಎಷ್ಟೋ ಶಾಸನಗಳು ಹೀಗೆ ಭಕ್ತಿಯಿಂದಲೇ ಹಾಳಾಗಿವೆ.

ಕಲ್ಲಿನಲ್ಲಿ ಬರಹವಿದ್ದರೆ ಬಿ.ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಹುಡುಕಿ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳಿದ್ದರೆ ಇನ್ನೂ ಒಳ್ಳೆಯದು. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ್ದಾರೆ. ರೈಸ್ ಕಾಲದ ತಾಲ್ಲೂಕು ಈಗಿನದ್ದೇ ಆಗಿರಬೇಕಿಲ್ಲ, ಪಕ್ಕದ ತಾಲ್ಲೂಕಿನ ಪಟ್ಟಿಯನ್ನೂ ನೋಡಿ. ತನ್ನ ಊರಿನ ಹೆಸರು ಮುದ್ರಿತ ಪುಸ್ತಕದಲ್ಲಿ ಕಂಡ ಮಗುವಿಗೆ ಹಂಪಿ ಪ್ರವಾಸಕ್ಕಿಂತ ದೊಡ್ಡ ಪ್ರವಾಸ ಅದು.

ಪ್ರಶ್ನೆ: ‘ಹಲಗಲಿ ಬೇಡರು’ ಲಾವಣಿ ಪಾಠ ಮಾಡುವಾಗ ಒಬ್ಬ ಹುಡುಗ ಕೇಳಿದ: “ಇದು ಹಾಡಲ್ವಾ ಸರ್, ನಿಜ ಅಂತ ಹೆಂಗೆ ನಂಬೋದು?” ಇತಿಹಾಸದ ಮೇಷ್ಟ್ರನ್ನು ಕೇಳು ಅಂದೆ. ಅವರು ಕನ್ನಡ ಮೇಷ್ಟ್ರನ್ನು ಕೇಳು ಅಂದರಂತೆ.
(ಬಾಗಲಕೋಟೆ ಜಿಲ್ಲೆಯಿಂದ)

ಉತ್ತರ: ಆ ಹುಡುಗನಿಗೆ ನನ್ನ ಶಹಭಾಸ್ ಹೇಳಿ. ನೀವಿಬ್ಬರೂ ಮೇಷ್ಟ್ರುಗಳು ಒಂದು ದಿನ ಒಟ್ಟಿಗೆ ತರಗತಿಗೆ ಹೋಗಿ. ಅದೇ ನಿಮಗೆ ಶಿಕ್ಷೆ.

1857ರಲ್ಲಿ ಕಂಪನಿ ಸರ್ಕಾರ ಜನರ ಆಯುಧಗಳ ಮೇಲೆ ಕಟ್ಟಳೆ ತಂದದ್ದು, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದ್ದು, ಸೈನ್ಯ ಬಂದು ಊರನ್ನು ಸುಟ್ಟದ್ದು, ಬಂದಿಗಳನ್ನು ಗಲ್ಲಿಗೇರಿಸಿದ್ದು, ಇವೆಲ್ಲ ಲಾವಣಿಯ ಹೊರಗಿನ ದಾಖಲೆಗಳಿಂದಲೂ ತಿಳಿಯುವ ಸಂಗತಿ. ಹಾಗಾದರೆ ಲಾವಣಿ ಏಕೆ ಬೇಕು? ಸರ್ಕಾರಿ ಕಾಗದಕ್ಕೆ ಬೇಡರು ದಂಗೆಕೋರರು, ಅಲ್ಲಿ ಲೆಕ್ಕ ಇರುತ್ತದೆ. ಬೇಟೆಯನ್ನೇ ನಂಬಿದವನ ಕೈಯಿಂದ ಆಯುಧ ಕಸಿದರೆ ಅವನ ಮನೆಯಲ್ಲಿ ಏನಾಗುತ್ತದೆ, ಊರಿನ ಒಳಗೆ ಏನು ಮಾತಾಯಿತು ಎಂಬುದು ಲಾವಣಿಯಲ್ಲಿ ಮಾತ್ರ ಇದೆ. ಸಾವಿನ ಸಂಖ್ಯೆಗೆ ಲಾವಣಿಯನ್ನು ನಂಬಬೇಡಿ, ಸಿಟ್ಟಿಗೆ ಕಾಗದವನ್ನು ನಂಬಬೇಡಿ. ಹುಡುಗನಿಗೆ ಇಷ್ಟು ಹೇಳಿದರೆ ತಿಳಿಯುತ್ತದೆ.

ಇನ್ನೊಂದು ಸಂಗತಿಯೂ ಅವನಿಗೆ ಹಿಡಿಸಬಹುದು. ಈ ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದವನು ಜೆ.ಎಫ್. ಫ್ಲೀಟ್, ಬ್ರಿಟಿಷ್ ಸರ್ಕಾರದ್ದೇ ಅಧಿಕಾರಿ. ತಮ್ಮವರನ್ನು ಬೈಯುವ ಹಾಡನ್ನು ತಾನೇ ಕೂತು ಬರೆದುಕೊಂಡಿದ್ದಾನೆ.

ಹೊಗಳಿಕೆಯನ್ನು ಅಳೆಯುವುದು ಕಲಿಸಲು ನಿಮ್ಮ ಜಿಲ್ಲೆಯಲ್ಲೇ ಐಹೊಳೆಯ ಮೇಗುಟಿ ಬಸದಿಯ ಶಾಸನ ಇದೆ. 634ರ ಆ ಶಾಸನದಲ್ಲಿ ರವಿಕೀರ್ತಿ ಇಮ್ಮಡಿ ಪುಲಿಕೇಶಿಯ ಎದುರು ಹರ್ಷನ ಹರ್ಷ ಇಳಿಯಿತು ಎಂದು ಚಮತ್ಕಾರ ಮಾಡುತ್ತಾನೆ, ಜೊತೆಗೆ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ಕೂರಿಸಿಕೊಳ್ಳುತ್ತಾನೆ. ಇಷ್ಟು ಜಂಬದ ಕವಿಯನ್ನು ನಂಬುವುದೇ? ಹರ್ಷನ ಆದರಕ್ಕೆ ಪಾತ್ರನಾಗಿದ್ದ ಚೀನೀ ಯಾತ್ರಿಕ ಹ್ಯುಯೆನ್‌ತ್ಸಾಂಗ್ ಕೂಡ ಹರ್ಷನಿಗೆ ಪುಲಿಕೇಶಿಯನ್ನು ಮಣಿಸಲಾಗಲಿಲ್ಲ ಎಂದೇ ಬರೆದಿದ್ದಾನೆ. ಈ ವಿಷಯಕ್ಕೆ ನಂಬಬಹುದು, ಕಾಳಿದಾಸನ ವಿಷಯ ಬೇರೆ.

ಲಾವಣಿಯನ್ನು ಹಾಡಿಸದೆ ಮಾತ್ರ ಪಾಠ ಮುಗಿಸಬೇಡಿ. ಡಪ್ಪು ಸಿಗದಿದ್ದರೆ ಡೆಸ್ಕ್ ಇದೆಯಲ್ಲ.

ಪ್ರಶ್ನೆ: ಪದವಿಪೂರ್ವ ತರಗತಿಯಲ್ಲಿ ಬೆಳತೂರಿನ ದೇಕಬ್ಬೆಯ ಶಾಸನದ ಪ್ರಸ್ತಾಪ ಬಂತು. ಗಂಡ ಸತ್ತನೆಂದು ಬೆಂಕಿಗೆ ಬಿದ್ದವಳನ್ನು ಹೊಗಳುವ ಶಾಸನವನ್ನು ಹುಡುಗಿಯರ ಮುಂದೆ ಹೇಗೆ ಓದಲಿ? ಬಿಟ್ಟುಬಿಡಲೇ?
(ಉಪನ್ಯಾಸಕಿ, ಮೈಸೂರು)

ಉತ್ತರ: ಬಿಡಬೇಡಿ. ಆದರೆ ‘ಮಹಾಪತಿವ್ರತೆ’ ಎಂಬ ಶೀರ್ಷಿಕೆ ಕೊಟ್ಟು ಮೆರೆಸಲೂ ಬೇಡಿ. ಹೆಗ್ಗಡದೇವನಕೋಟೆ ತಾಲ್ಲೂಕಿನ ಈ 1057ರ ಶಾಸನವನ್ನು ಪೂರ್ತಿ ಓದಿ, ಒಳಗೆ ಎಷ್ಟು ದನಿಗಳಿವೆ ಎಂದು ಎಣಿಸಲು ಹುಡುಗಿಯರಿಗೇ ಹೇಳಿ. ಗಂಡ ಏಚನನ್ನು ಕೊಲ್ಲಿಸಿದ್ದು ಅರಸನ ಆಜ್ಞೆ. ಸುದ್ದಿ ಕೇಳಿದ ದೇಕಬ್ಬೆಯನ್ನು ಹೆತ್ತವರು, ಬಂಧುಗಳು ಬೇಡ ಬೇಡವೆಂದು ತಡೆಯುತ್ತಾರೆ. ಆ ಬೇಡಿಕೆಯೂ ಕಲ್ಲಿನಲ್ಲೇ ಇದೆ. ‘ಆ ಕಾಲದಲ್ಲಿ ಎಲ್ಲರೂ ಒಪ್ಪಿದ್ದರು’ ಎಂಬ ಮಾತಿಗೆ ಶಾಸನವೇ ಅಡ್ಡ ನಿಲ್ಲುತ್ತದೆ. ಕಲ್ಲು ನಿಲ್ಲಿಸಿದವರು ಯಾರು, ಪದ್ಯ ಕಟ್ಟಿದ ಕವಿಗೆ ಅವಳು ಹೇಗೆ ಕಾಣಬೇಕಿತ್ತು, ಅವಳ ಮಾತೆಂದು ಬರೆದಿರುವುದು ಅವಳದ್ದೇ ಎಂದು ನಾವು ಹೇಳಬಲ್ಲೆವೇ? ಚರ್ಚೆ ಬಿಸಿಯಾಗುತ್ತದೆ, ಆಗಲಿ. ಪದ್ಯಗಳು ಚೆನ್ನಾಗಿವೆ ಎಂಬುದನ್ನೂ ಮುಚ್ಚಿಡಬೇಡಿ. ಚೆಂದದ ಪದ್ಯ ಒಪ್ಪಲಾಗದ ಸಂಗತಿಯನ್ನು ಹೊಗಳಬಲ್ಲದು ಎಂದು ಹದಿನೇಳರ ವಯಸ್ಸಿನಲ್ಲಿ ತಿಳಿಯುವುದು ಮುಂದಿನ ಓದಿಗೆಲ್ಲ ಬೇಕಾದದ್ದು.

ಪ್ರಶ್ನೆ: ನಾವಿರುವುದು ಅಮೆರಿಕದಲ್ಲಿ. ಮಗಳಿಗೆ ಹನ್ನೊಂದು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ತಡವರಿಸುತ್ತಾಳೆ. ಹಳೆಯ ಕಾವ್ಯ ಅವಳಿಗೆ ಪರಿಚಯ ಮಾಡಿಸಬಹುದೇ, ಲಿಪಿ ಪೂರ್ತಿ ಬರುವ ತನಕ ಕಾಯಬೇಕೇ?

ಉತ್ತರ: ಕಾಯಬೇಡಿ. ಗದುಗಿನ ಭಾರತವನ್ನು ನಮ್ಮ ಹಳ್ಳಿಗಳಲ್ಲಿ ಕೇಳಿದವರಲ್ಲಿ ಓದುಬರಹ ಬಂದವರು ಎಷ್ಟಿದ್ದರು? ಪಂಪ, ರನ್ನ ಸದ್ಯಕ್ಕೆ ಬೇಡ, ಕುಮಾರವ್ಯಾಸನಿಂದ ಶುರು ಮಾಡಿ. ಶಿವಮೊಗ್ಗ ಹತ್ತಿರದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಂಥವರು ವಾಚಿಸಿದ ಧ್ವನಿಮುದ್ರಿಕೆ ಹುಡುಕಿ, ಕಾರಿನಲ್ಲಿ ಹಾಕಿ. ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಅವನ ಹುಟ್ಟಿನ ಗುಟ್ಟು ಹೇಳುವ ಭಾಗ ಒಳ್ಳೆಯ ಆರಂಭ. ‘ಇನತನೂಜನ ಕೂಡೆ ಮೈದುನತನದ ಸರಸವನೆಸಗಿ’ ಎಂಬಲ್ಲಿನ ಮೂರು-ನಾಲ್ಕರ ನಡಿಗೆ ಎರಡು ಸಲ ಕೇಳಿದರೆ ಮಗುವಿನ ಬಾಯಿಗೆ ಬರುತ್ತದೆ. ಅರ್ಥ ಕೇಳಿದಾಗ ಮಾತ್ರ ಹೇಳಿ, ಕೇಳದಿದ್ದರೆ ಸುಮ್ಮನಿರಿ.

ರಜೆಗೆ ಊರಿಗೆ ಬಂದಾಗ ಬಾದಾಮಿಗೆ ಒಂದು ದಿನ ಇಟ್ಟುಕೊಳ್ಳಿ. ಅಲ್ಲಿನ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು 700ರದ್ದು. ಅದರಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳಿವೆ: ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’. ಆ ಲಿಪಿ ಅವಳಿಗಿರಲಿ, ನಿಮಗೂ ಓದಲು ಬರುವುದಿಲ್ಲ. ಸಾಲನ್ನು ಇಂದಿನ ಅಕ್ಷರದಲ್ಲಿ ದಪ್ಪಗೆ ಬರೆದುಕೊಂಡು ಹೋಗಿ, ‘ಸಾಧು’ ಎರಡು ಸಲ ಬರುವ ಜಾಗವನ್ನು ಬಂಡೆಯ ಮೇಲೆ ಹುಡುಕಲು ಅವಳಿಗೇ ಬಿಡಿ.